ಘಟ್ಟದ ಕೆಳಗಿನ ಬಂದರು

ಅಕ್ಕನ ಮಗಳು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನೂ ಅದೇ ಊರಿನಲ್ಲಿ ಕೆಲಸದಲ್ಲಿರುವುದರಿಂದ ರಜೆ ಬಂದಾಗ ಇಬ್ಬರೂ ಒಟ್ಟಿಗೇ ಕಾರವಾರದ ಬಸ್ಸು ಹತ್ತುತ್ತೇವೆ. ಕಳೆದ ದೀಪಾವಳಿಯ ಒಂದು ಸಂಜೆ ಬೈತಖೋಲದ ಗುಡ್ಡದ ಓರೆಯಲ್ಲಿ ನಿಂತು ಕೆಳಗಿನ ಬಂದರನ್ನು ನೋಡುತ್ತಿದ್ದೆವು. ನೀರು ತೊಟ್ಟಿಲಿನಲ್ಲಿ ಮಲಗಿದಂತೆ ಮಲಗಿತ್ತು. ಬಹಳ ಹೊತ್ತು ಸುಮ್ಮನಿದ್ದವಳು ಕೇಳಿದಳು: "ಚಿಕ್ಕಮ್ಮಾ, ಇಂಥ ಬಂದರು ಇಟ್ಟುಕೊಂಡೂ ಕಾರವಾರ ಯಾಕೆ ಮಂಗಳೂರಿನ ಹಾಗೆ ಬೆಳೆಯಲಿಲ್ಲ?"

ಕಾರವಾರದಲ್ಲಿ ಹುಟ್ಟಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಚಹಾದಂಗಡಿಯಲ್ಲಿ, ಮದುವೆ ಮನೆಯ ಜಗಲಿಯಲ್ಲಿ, ಬಸ್ಸಿನ ಸೀಟಿನಲ್ಲಿ ನಾನು ಇದನ್ನು ಕೇಳುತ್ತಲೇ ದೊಡ್ಡವಳಾದೆ. ಉತ್ತರಗಳೂ ಸಿದ್ಧವಾಗಿರುತ್ತವೆ. ಗೋವಾ ನಮ್ಮ ವ್ಯಾಪಾರ ನುಂಗಿತು, ಬೆಂಗಳೂರಿನವರಿಗೆ ನಾವು ಕಾಣುವುದಿಲ್ಲ, ನೌಕಾನೆಲೆ ಕಡಲತೀರವನ್ನೆಲ್ಲ ತೆಗೆದುಕೊಂಡಿತು, ನಮ್ಮ ಜನಕ್ಕೆ ಹುಮ್ಮಸ್ಸಿಲ್ಲ. ಕೊನೆಯದನ್ನು ನಾನು ಯಾವತ್ತೂ ಒಪ್ಪಿಲ್ಲ. ನಸುಕಿನ ನಾಲ್ಕು ಗಂಟೆಗೆ ಬೈತಖೋಲದ ಜೆಟ್ಟಿಗೆ ಹೋಗಿ ಒಮ್ಮೆ ನಿಂತವರು ಆ ಮಾತನ್ನು ಮತ್ತೆ ಆಡುವುದಿಲ್ಲ. ಉಳಿದ ಉತ್ತರಗಳಲ್ಲಿ ಒಂದಿಷ್ಟು ಸತ್ಯವಿದೆ. ಆದರೆ ಆ ಸಂಜೆ ನಾನು ಅವಳ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದೆ. "ಕಡಲನ್ನು ನೋಡಿದರೆ ಉತ್ತರ ಸಿಗುವುದಿಲ್ಲ, ಅತ್ತ ನೋಡು" ಎಂದೆ. ಪೂರ್ವದಲ್ಲಿ ಸಹ್ಯಾದ್ರಿ ನೀಲಿಯಾಗಿ, ಒಂದರ ಹಿಂದೊಂದು ಮಡಿಕೆಯಾಗಿ ನಿಂತಿತ್ತು.

ಇದು ನನಗೆ ಅಪ್ಪ ಹೇಳಿಕೊಟ್ಟದ್ದು. ಅಪ್ಪ ಬಂದರಿನ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹಡಗಿನ ಕಾಗದಪತ್ರ, ಸುಂಕದ ಲೆಕ್ಕ, ಲಾರಿಗಳ ಪಟ್ಟಿ, ಇವು ಅವರ ಪ್ರಪಂಚ. ಬಂದರೆಂದರೆ ನೀರು ಎಂದು ಎಲ್ಲರೂ ತಿಳಿಯುತ್ತಾರೆ, ಬಂದರೆಂದರೆ ದಾರಿ ಎಂದು ಅವರು ಹೇಳುತ್ತಿದ್ದರು. ಹಡಗು ಎಲ್ಲಿಂದಲಾದರೂ ಬಂದೀತು, ಅದಕ್ಕೆ ತುಂಬಿ ಕಳಿಸುವ ಸರಕು ಘಟ್ಟ ಇಳಿದು ಬರಬೇಕಲ್ಲ.

ನೀರಿನ ವಿಷಯದಲ್ಲಿ ಕಾರವಾರಕ್ಕೆ ಯಾವ ಕೊರತೆಯೂ ಇಲ್ಲ. ನಮ್ಮ ಕರಾವಳಿಯ ಹೆಚ್ಚಿನ ಹಳೆಯ ಬಂದರುಗಳು ನದಿಯ ಅಳಿವೆಯಲ್ಲಿವೆ. ಹೊನ್ನಾವರಕ್ಕೆ ಶರಾವತಿ, ಗಂಗೊಳ್ಳಿಗೆ ಐದು ನದಿಗಳ ಕೂಡು ಬಾಯಿ. ಅಳಿವೆಗೆ ಒಂದು ಶಾಪವಿದೆ: ನದಿ ತಂದ ಮರಳು, ಕಡಲು ತಂದ ಮರಳು ಎರಡೂ ಬಾಯಲ್ಲೇ ದಿಬ್ಬವಾಗಿ ಕೂರುತ್ತವೆ. ಭರತದ ಹೊತ್ತು ನೋಡಿಕೊಂಡು ದೋಣಿ ಒಳಗೆ ಬರಬೇಕು, ಮಳೆಗಾಲದಲ್ಲಿ ಅದೂ ಆಗದು. ಕಾರವಾರದ ಕಾಳಿ ನದಿಯ ಅಳಿವೆಯಲ್ಲೂ ಮರಳಿದೆ. ಆದರೆ ಬೈತಖೋಲ ಅಳಿವೆಯೊಳಗಿಲ್ಲ, ಅದರ ದಕ್ಷಿಣಕ್ಕೆ, ಕಡಲಿಗೆ ಚಾಚಿಕೊಂಡ ಗುಡ್ಡದ ಮರೆಯಲ್ಲಿದೆ. ನೈಋತ್ಯದಿಂದ ಬರುವ ಮುಂಗಾರಿನ ಗಾಳಿಗೆ ಆ ಗುಡ್ಡ ಬೆನ್ನು ಕೊಟ್ಟು ನಿಲ್ಲುತ್ತದೆ. ಹೊರಗೆ ಕೂರ್ಮಗಡ, ದೇವಗಡ, ಅಂಜುದೀವ ದ್ವೀಪಗಳ ಸಾಲು. ಆಷಾಢದಲ್ಲೂ ಹಡಗು ನಿಲ್ಲುವ ಸಹಜ ಬಂದರು ನಮ್ಮ ಕರಾವಳಿಯಲ್ಲಿ ಅಪರೂಪ. ಮಂಗಳೂರಿನ ಪಣಂಬೂರಿನಲ್ಲಿ ಇದನ್ನೇ ನೆಲ ಅಗೆದು, ಕಲ್ಲಿನ ತಡೆಗೋಡೆ ಕಟ್ಟಿ ಮಾಡಬೇಕಾಯಿತು.

ಹೀಗಿದ್ದೂ ಮೊದಲ ಕಾರವಾರ ಬೈತಖೋಲದಲ್ಲಿ ಹುಟ್ಟಲಿಲ್ಲ. ಈಗಿನ ಪೇಟೆಯಿಂದ ಐದು ಕಿಲೋಮೀಟರಿನಷ್ಟು ಪೂರ್ವಕ್ಕೆ, ಕಾಳಿಯ ದಡದಲ್ಲಿರುವ ಕಡವಾಡದಲ್ಲಿ ಹುಟ್ಟಿತು. ಊರಿನ ಹೆಸರೂ ಅಲ್ಲಿಂದಲೇ ಬಂದದ್ದೆಂದು ಹಿರಿಯರು ಹೇಳುತ್ತಾರೆ. ಅಪ್ಪನ ಮಾತು ಇಲ್ಲೇ ಮೊದಲ ಬಾರಿಗೆ ನಿಜವಾಗುತ್ತದೆ: ಆಗಿನವರು ಕಡಲಿಗೆ ಹತ್ತಿರವಾದ ಜಾಗ ಹುಡುಕಲಿಲ್ಲ, ಘಟ್ಟಕ್ಕೆ ಹತ್ತಿರವಾದ ಜಾಗ ಹುಡುಕಿದರು. ಎತ್ತಿನ ಬೆನ್ನ ಮೇಲೆ ಮೆಣಸು, ಏಲಕ್ಕಿ, ಬಟ್ಟೆ ಇಳಿದು ನದಿಗೆ ಸಿಗುತ್ತಿದ್ದುದು ಅಲ್ಲಿ.

1638ರಲ್ಲಿ ಇಂಗ್ಲಿಷ್ ವರ್ತಕರು ಅಲ್ಲೊಂದು ಕೋಠಿ, ಅಂದರೆ ವ್ಯಾಪಾರದ ಮನೆ, ತೆರೆದರು. ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದಕ್ಕೆ ಪೈಪೋಟಿಯಾಗಿ ಹೊರಟ ಕೋರ್ಟೀನ್ ಎಂಬುವನ ಕೂಟ. ಆಗ ಈ ನಾಡು ಬಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. 1660ರ ಹೊತ್ತಿಗೆ ಪಶ್ಚಿಮ ಭಾರತದಲ್ಲೇ ಅತಿ ನಯವಾದ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗೇರುತ್ತಿತ್ತು ಎಂದು ಬ್ರಿಟಿಷ್ ಗ್ಯಾಝೆಟಿಯರ್ ದಾಖಲಿಸಿದೆ. ಅದನ್ನು ನೇಯುತ್ತಿದ್ದುದು ಕಾರವಾರದವರಲ್ಲ, ಘಟ್ಟದ ಮೇಲೆ ಹುಬ್ಬಳ್ಳಿ ಸೀಮೆಯವರು. ಐವತ್ತು ಸಾವಿರ ನೇಕಾರರು ಈ ಕೋಠಿಗಾಗಿ ದುಡಿಯುತ್ತಿದ್ದರಂತೆ. ನಾನು ದಿನವೂ ಕಚೇರಿಗೆ ಹೋಗುವ ಹುಬ್ಬಳ್ಳಿಯ ಗಲ್ಲಿಗಳಲ್ಲಿ ಎಲ್ಲೋ ಒಂದು ಮಗ್ಗದ ಸದ್ದಿಗೂ ನನ್ನೂರಿನ ಭರತ ಇಳಿತಕ್ಕೂ ಅಂದು ಹೀಗೊಂದು ದಾರ ಇತ್ತು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಆ ಕೋಠಿಯ ಬದುಕು ನೆಮ್ಮದಿಯದಾಗಿರಲಿಲ್ಲ. 1665ರಲ್ಲಿ ಬಸರೂರಿನ ಮೇಲೆ ದಾಳಿ ಮಾಡಿ ಮರಳುವಾಗ ಶಿವಾಜಿ ಕಾರವಾರದಿಂದ ಕಾಣಿಕೆ ಎತ್ತಿದ. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. 1674ರಲ್ಲಿ ಊರೇ ಸುಟ್ಟುಹೋಯಿತು. 1679ರಲ್ಲಿ ಕೋಠಿ ಮುಚ್ಚಿತು, ಮೂರು ವರ್ಷದ ಮೇಲೆ ಮತ್ತೆ ತೆರೆಯಿತು. 1684ರದ್ದು ನನಗೆ ಮರೆಯಲಾಗದ ಘಟನೆ. ಒಂದು ಸಣ್ಣ ಹಡಗಿನ ನಾವಿಕರು ಹಸುವೊಂದನ್ನು ಕದ್ದು ಕೊಂದರು. ಅದಕ್ಕಾಗಿ ಊರಿನವರು ಇಂಗ್ಲಿಷರನ್ನು ಇನ್ನೇನು ಓಡಿಸಿಯೇ ಬಿಡುವವರಿದ್ದರು. ಸುಲ್ತಾನರ ಫರ್ಮಾನು, ಹಡಗಿನ ತೋಪು ಏನಿದ್ದರೂ ಒಂದು ಊರು ತನ್ನ ಹಸುವಿಗಾಗಿ ಎದ್ದು ನಿಂತದ್ದು ಅವರ ಕಡತದೊಳಗೇ ದಾಖಲಾಗಿ ಉಳಿದಿದೆ. ಆಮೇಲೆ ಮರಾಠರು, ಸೋದೆ ಅರಸರು, ಪೋರ್ಚುಗೀಸರು ಒಬ್ಬರಾದ ಮೇಲೊಬ್ಬರು. 1715ರಲ್ಲಿ ಸೋದೆಯ ಅರಸ ಹಳೆಯ ಕೋಟೆಯನ್ನು ಕೆಡವಿ ನದಿಯ ಆಚೆ ದಡದಲ್ಲಿ ಸದಾಶಿವಗಡ ಕಟ್ಟಿಸಿದ. 1801ರ ಹೊತ್ತಿಗೆ ಹಳೆಯ ಕಾರವಾರ ಹಾಳು ಬಿದ್ದಿತ್ತು.

ಅಲ್ಲಿಂದ ಅರವತ್ತು ವರ್ಷ ಬೈತಖೋಲ ಮೀನುಗಾರರ ಕೇರಿಯಾಗಿ ಉಳಿಯಿತು. ವ್ಯಾಪಾರವೆಲ್ಲ ಕುಮಟೆಯದು. ಕುಮಟೆಗೆ ನೆಟ್ಟಗಿನ ಬಂದರಿಲ್ಲ, ಮಳೆಗಾಲದಲ್ಲಿ ಅಲ್ಲಿ ಏನೂ ನಡೆಯದು. ಆದರೆ ಅದರ ಬೆನ್ನಿಗೆ ದೇವಿಮನೆ ಘಟ್ಟದ ದಾರಿ ಇತ್ತು. ಧಾರವಾಡ ಸೀಮೆಯ ಹತ್ತಿ ಆ ದಾರಿಯಲ್ಲಿ ಇಳಿದು, ಮಚವೆಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಲಿವರ್‌ಪೂಲ್‌ಗೆ ತಲುಪುತ್ತಿತ್ತು. ಬೆಳೆದದ್ದು ಧಾರವಾಡದ ಎರೆಯಲ್ಲಿ, ಮಾರುಕಟ್ಟೆಯಲ್ಲಿ ಅದರ ಹೆಸರು "ಕೂಂಪ್ಟಾ". ಹಡಗು ಹತ್ತಿದ ಊರಿನ ಹೆಸರು ಸರಕಿಗೆ ಅಂಟಿಕೊಂಡಿತು. ಒಳ್ಳೆಯ ದಾರಿ, ಕೆಟ್ಟ ಬಂದರು: ಕುಮಟೆ ಗೆದ್ದಿತು. ಒಳ್ಳೆಯ ಬಂದರು, ದಾರಿಯಿಲ್ಲ: ಕಾರವಾರ ಸೋತಿತು. ಅಪ್ಪನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇನ್ನು ಹತ್ತಿಯ ಕಾಲ. ನಮ್ಮೂರಿನ ಕಥೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲಿಯೇ.

ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿಯ ಮೇಲೆ ನಿಂತಿದ್ದವು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು. ಅದರ ಸುಳಿವು ಹಿಡಿದೇ ಅಲ್ಲಿನ ಗಿರಣಿ ಮಾಲೀಕರು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದನ್ನು ಕಟ್ಟಿದ್ದರು. ಧಾರವಾಡದಲ್ಲಿ ಅಮೆರಿಕದ ತಳಿಯ ಹತ್ತಿ ಆಗಲೇ ಬೆಳೆಯುತ್ತಿತ್ತು. ಅದನ್ನು ಇಳಿಸಲು ಅವರ ಕಣ್ಣು ಬಿದ್ದದ್ದು ಕಾಳಿಯ ಬಾಯಿಯ ಮೇಲೆ. ತೊಡಕು ಒಂದೇ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದ್ದು, ಬಂದರು ಮದ್ರಾಸ್ ಪ್ರಾಂತ್ಯದ್ದು. ಎಲ್ಲೋ ದೂರದ ಪೂರ್ವ ಕರಾವಳಿಯಲ್ಲಿ ಕೂತ ಮದ್ರಾಸಿನವರಿಗೆ, ಪಶ್ಚಿಮದ ಒಂದು ಮೂಲೆಯಲ್ಲಿ ಘಟ್ಟ ಕಡಿದು ಬೇರೆ ಪ್ರಾಂತ್ಯದ ಹತ್ತಿಗೆ ರಸ್ತೆ ಮಾಡಿಕೊಡುವ ಅವಸರ ಏನಿದ್ದೀತು? ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಗಲಾಟೆ ಎಬ್ಬಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು.

ಒಂದು ಕ್ಷಣ ಇಲ್ಲಿ ನಿಂತು ಯೋಚಿಸಬೇಕು. ಅಖಂಡ ಕನ್ನಡ ಜಿಲ್ಲೆ ಎರಡಾಗಿ, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿದು, ನಾವು ಮುಂಬಯಿಗೆ ಹೋದೆವು. ಮುಂದೆ 1956ರ ನವೆಂಬರ್ 1ರವರೆಗೆ, ಸುಮಾರು ತೊಂಬತ್ತನಾಲ್ಕು ವರ್ಷ, ನಮ್ಮ ಕಡತಗಳು, ಶಾಲೆಗಳು, ನೌಕರಿಗಳು ಮುಂಬಯಿಯತ್ತ ಮುಖ ಮಾಡಿದವು. ನಮ್ಮ ಮನೆಗಳಲ್ಲಿ ಕೊಂಕಣಿ ಕನ್ನಡಗಳ ಜೊತೆ ಮರಾಠಿ ಬೆರೆತದ್ದು, ಪ್ರತಿ ಮನೆಗೂ ಮುಂಬಯಿಯಲ್ಲೊಬ್ಬ ಮಾಮಾ ಇದ್ದದ್ದು, ಇದಕ್ಕೆಲ್ಲ ಒಂದು ಪಾಲು ಕಾರಣ ಹತ್ತಿಯ ಆ ಮೂಟೆ. ಅದನ್ನು ತೀರ್ಮಾನಿಸಿದವರಲ್ಲಿ ಹೆಚ್ಚಿನವರು ಕಾಳಿಯ ನೀರನ್ನು ಕಂಡವರೇ ಅಲ್ಲ.

ಕಂಪನಿಯ ಜನ ಬಂದು ಇಳಿದಾಗ ರಸ್ತೆಯೂ ಮುಗಿದಿರಲಿಲ್ಲ, ಸರಕು ಇಳಿಸಲು ಕಟ್ಟೆಯೂ ಆಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಂಪನಿ ಮುಳುಗಿತು. 1865ಕ್ಕೆ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತು. ಆದರೆ ಅವರು ಎಬ್ಬಿಸಿದ ಗಾಳಿಯಲ್ಲಿ ಒಂದು ಊರು ಎದ್ದು ನಿಂತಿತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಲೆಕ್ಟರ ಕಚೇರಿ, ನ್ಯಾಯಾಲಯ, ಸುಂಕದ ಮನೆ, ಚಿರೆಕಲ್ಲಿನ ಬಂಗಲೆಗಳು, ಅಳತೆ ಹಿಡಿದು ಎಳೆದ ನೇರ ರಸ್ತೆಗಳು. ದೇವಗಡದ ದ್ವೀಪದ ಮೇಲೆ ದೀಪಸ್ತಂಭ. ಘಟ್ಟದಲ್ಲಿ ಗಾಡಿ ರಸ್ತೆ. ಹತ್ತಿಗಾಗಿ ಹೊಲಿದ ಅಂಗಿಯನ್ನು ಕೊನೆಗೆ ಕಚೇರಿ ತೊಟ್ಟುಕೊಂಡಿತು. ಇವತ್ತಿಗೂ ಕಾರವಾರ ಬಂದರು ಪಟ್ಟಣಕ್ಕಿಂತ ಹೆಚ್ಚಾಗಿ ಕಚೇರಿಗಳ ಪಟ್ಟಣ. ಹತ್ತು ಗಂಟೆಗೆ ತುಂಬುತ್ತದೆ, ಐದೂವರೆಗೆ ಖಾಲಿಯಾಗುತ್ತದೆ.

ಈ ಹೊಸ ಊರಿಗೆ 1880ರ ದಶಕದ ಮೊದಲಲ್ಲಿ ರವೀಂದ್ರನಾಥ ಟ್ಯಾಗೋರರು ಬಂದರು. ಆಗ ಅವರಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಅವರ ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಸೇರಿದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ರಾತ್ರಿ ಮರಳಿ ಅಳಿವೆಯ ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ಮುಂದೆ ನೆನೆದು ಬರೆದಿದ್ದಾರೆ. ನಮ್ಮ ಕಡಲತೀರಕ್ಕೆ ಈಗ ಅವರ ಹೆಸರಿದೆ. ಅವರು ಅಂದು ಕಂಡದ್ದು ನೆಮ್ಮದಿಯ, ಮೌನದ ಕಾರವಾರ. ಆ ಮೌನದ ಹಿಂದೆ ಒಂದು ದೊಡ್ಡ ನಿರಾಸೆ ಆಗಷ್ಟೇ ನಡೆದುಹೋಗಿತ್ತು ಎಂದು ತಿಳಿದ ಮೇಲೆ ಆ ಬೆಳದಿಂಗಳು ನನಗೆ ಬೇರೆಯಾಗಿ ಕಾಣುತ್ತದೆ.

ಅದು ರೈಲಿನ ನಿರಾಸೆ. 1869ರಿಂದಲೂ ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ನಡೆದಿತ್ತು. ಅಳತೆಗಳಾದವು, ಪತ್ರಗಳು ಓಡಾಡಿದವು, ವರ್ತಕರು ಕಾದರು. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡು, ಗೋವೆಯ ಮುರಗಾಂವದಿಂದ ಘಟ್ಟ ಹತ್ತುವ ರೈಲಿಗೆ ದಾರಿ ಮಾಡಿದರು. 1888ರಲ್ಲಿ ಆ ಹಳಿ ಕ್ಯಾಸಲ್‌ರಾಕ್ ಮುಟ್ಟಿ ಹುಬ್ಬಳ್ಳಿಯ ಕಡೆಯ ಹಳಿಗೆ ಕೂಡಿಕೊಂಡಿತು. ಧಾರವಾಡದ ಹತ್ತಿ ಗಾಡಿಯಿಂದ ರೈಲಿಗೆ ಜಿಗಿಯಿತು. ಕಾರವಾರದ ವ್ಯಾಪಾರ ಇಳಿಯಿತು, ಕುಮಟೆಯದೂ ಇಳಿಯಿತು. ಮುರಗಾಂವ ಇವತ್ತು ದೇಶದ ಪ್ರಮುಖ ಬಂದರುಗಳಲ್ಲಿ ಒಂದು. ಕಾರವಾರದಿಂದ ಅದು ನೂರು ಕಿಲೋಮೀಟರ್ ದೂರವೂ ಇಲ್ಲ. ಗೋವಾ ನಮ್ಮ ವ್ಯಾಪಾರ ನುಂಗಿತು ಎನ್ನುವವರ ಮಾತಿನ ಬೇರು ಇಲ್ಲಿದೆ. ಆದರೆ ನುಂಗಿದ್ದು ಗೋವಾ ಅಲ್ಲ, ದೂರದ ಎರಡು ರಾಜಧಾನಿಗಳಲ್ಲಿ ಬಿದ್ದ ಸಹಿ.

ಆಮೇಲಿನ ಕಾಲ ಆಗಬೋಟಿನದು. ಹಬೆಯಿಂದ ನಡೆಯುವ ಹಡಗಿಗೆ ನಮ್ಮ ಕಡೆ ಆಗಬೋಟು ಎನ್ನುತ್ತಾರೆ. ಅಜ್ಜಿ ಕೊನೆಯವರೆಗೂ ಆ ಶಬ್ದ ಬಿಡಲಿಲ್ಲ. ದೊಡ್ಡ ಹಡಗು ದೂರದಲ್ಲಿ ನಿಂತರೆ ಸಣ್ಣ ಪಡಾವುಗಳು ಹೋಗಿ ಜನರನ್ನು ಇಳಿಸಿಕೊಂಡು ಬರುತ್ತಿದ್ದವು. ಮುಂಬಯಿಯಿಂದ ಬಂದ ಟ್ರಂಕು ಮೊದಲು ಇಳಿಯುತ್ತಿತ್ತು, ಮನುಷ್ಯರು ಆಮೇಲೆ, ಎಂದು ಅಜ್ಜಿ ಹೇಳುತ್ತಿದ್ದರು. 1961ರ ನವೆಂಬರಿನಲ್ಲಿ ಇಂಥದೇ ಒಂದು ಪ್ರಯಾಣಿಕರ ಹಡಗು, ಸಾಬರ್ಮತಿ, ಅಂಜುದೀವದ ಬಳಿ ಸಾಗುವಾಗ ದ್ವೀಪದಲ್ಲಿದ್ದ ಪೋರ್ಚುಗೀಸರು ಗುಂಡು ಹಾರಿಸಿದರು. ಅದೇ ತಿಂಗಳು ಅವರ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಮುಂದಿನ ತಿಂಗಳು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆ ಆ ದ್ವೀಪಕ್ಕಿಳಿದು ಏಳು ಜನರನ್ನು ಕಳೆದುಕೊಂಡಿತು. ನಮ್ಮ ಕಣ್ಣೆದುರಿನ ಆ ಪುಟ್ಟ ಗುಡ್ಡೆ 1505ರಲ್ಲೇ ಪೋರ್ಚುಗೀಸರ ಕೋಟೆಯನ್ನು ಕಂಡಿತ್ತು. ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಪಡೆಯೊಂದು 1660ರ ದಶಕದಲ್ಲಿ ಅಲ್ಲೇ ಕಾಯುತ್ತ ಕೂತು, ದಂಡನಾಯಕನೂ ಸೇರಿ ಬಹುಪಾಲು ಜನ ಕಾಯಿಲೆಯಿಂದ ಸತ್ತಿದ್ದರು. ದೊಡ್ಡವರ ದೊಡ್ಡ ಲೆಕ್ಕಾಚಾರಗಳಿಗೆ ನಮ್ಮ ಕಡಲು ಕಾಯುವ ಜಾಗವಾದದ್ದು ಮೊದಲಿನಿಂದಲೂ ಹೀಗೆಯೇ.

ನಾನು ಕಣ್ಣಾರೆ ಕಂಡ ಬಂದರಿನ ಸುಗ್ಗಿ ಅದಿರಿನದು. ಹೊಸ ಶತಮಾನದ ಮೊದಲ ಹತ್ತು ವರ್ಷ. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತು, ಬಳ್ಳಾರಿ ಹೊಸಪೇಟೆಯ ಕೆಮ್ಮಣ್ಣು ಲಾರಿ ಹತ್ತಿ ಅರಬೈಲ್ ಘಟ್ಟ ಇಳಿಯಿತು. ಹಗಲೂ ರಾತ್ರಿ ಲಾರಿಗಳ ಸಾಲು. ಅಪ್ಪನ ಕಚೇರಿಯಲ್ಲಿ ಹೊಸ ಮೇಜುಗಳು ಬಂದವು, ಅಪ್ಪ ಮನೆಗೆ ಬರುವುದು ತಡವಾಗತೊಡಗಿತು. ಅಮ್ಮ ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ನೀರಿಗೆ ಹಾಕಿದರೆ ಬಕೆಟ್ಟಿನ ತಳದಲ್ಲಿ ಕೆಂಪು ಗಸಿ, ಬೆರಳಲ್ಲಿ ಉಜ್ಜಿದರೆ ಅದರಲ್ಲಿ ಕಾಡಿಗೆಯಂಥ ಮಿನುಗು. ಮನೆಯ ಹಿಂದಿನ ಮಾವಿನ ಮರದ ಎಲೆಗಳ ಮೇಲೂ ಅದೇ. ಅಪ್ಪ ಖುಷಿಯಾಗಿರಬೇಕಿತ್ತು, ದಾರಿ ಕಡೆಗೂ ಸರಕನ್ನು ತಂದಿತ್ತಲ್ಲ. ಆದರೆ ಒಂದು ರಾತ್ರಿ ಊಟಕ್ಕೆ ಕೂತು ಹೇಳಿದರು: "ಇದು ವ್ಯಾಪಾರವಲ್ಲ. ಹತ್ತಿ ಮತ್ತೆ ಬೆಳೆಯುತ್ತದೆ, ಮೆಣಸು ಮತ್ತೆ ಬೆಳೆಯುತ್ತದೆ. ಇದು ಬೆಳೆಯುವುದಿಲ್ಲ." 2010ರಲ್ಲಿ ಪಕ್ಕದ ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಕಣ್ಮರೆಯಾದ ಹಗರಣ ಹೊರಬಿತ್ತು. ಅದೇ ವರ್ಷ ರಾಜ್ಯ ಸರಕಾರ ಅದಿರು ರಫ್ತನ್ನು ನಿಲ್ಲಿಸಿತು. ಲಾರಿಗಳು ಒಂದೇ ವಾರದಲ್ಲಿ ಮಾಯವಾದವು. ಮಾವಿನ ಎಲೆಗಳು ಹಸಿರಾಗಲು ಎರಡು ಮಳೆಗಾಲ ಹಿಡಿಯಿತು.

ಇದರ ನಡುವೆ, ಗುಡ್ಡದ ಆಚೆ ಮಗ್ಗುಲಲ್ಲಿ, ಕಾರವಾರದ ಕಡಲಿನ ಅತಿ ದೊಡ್ಡ ಬದಲಾವಣೆ ನಡೆಯುತ್ತಿತ್ತು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿತು. ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರ ಹೆಸರು ನೌಕಾನೆಲೆಯ ಮೇಲೆ ಕಂಡಾಗ ನನಗೆ ಹೆಮ್ಮೆಯೇ ಆಗಿತ್ತು, ಈಗಲೂ ಆಗುತ್ತದೆ. 2014ರ ಜನವರಿಯಲ್ಲಿ ವಿಮಾನವಾಹಕ ವಿಕ್ರಮಾದಿತ್ಯ ಇಲ್ಲಿಗೆ ಬಂದ ದಿನ ಊರು ಅದನ್ನೇ ಮಾತಾಡಿತು. ನಾಲ್ಕು ನೂರು ವರ್ಷದಿಂದ ಪರರ ಹಡಗುಗಳನ್ನು ಕಂಡ ನೀರಿನಲ್ಲಿ ನಮ್ಮದೇ ಹಡಗು. ಯುದ್ಧನೌಕೆಗೆ ಘಟ್ಟದ ಸರಕು ಬೇಕಿಲ್ಲ, ಗುಡ್ಡದ ಮರೆ, ಆಳದ ನೀರು ಸಾಕು. ಇದೊಂದಕ್ಕೆ ಮಾತ್ರ ನಮ್ಮ ಕಡಲು ಇದ್ದ ಹಾಗೆಯೇ ಸಾಲುತ್ತಿತ್ತು.

ಆದರೆ ಆ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳು ಬಿಟ್ಟು ಎದ್ದವು. ಅರಗಾದ ಒಬ್ಬ ಗೆಳತಿ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ಅವಳ ಮನೆಯವರಿಗೆ ಪುನರ್ವಸತಿ ಕಾಲೊನಿಯಲ್ಲಿ ನಿವೇಶನ ಸಿಕ್ಕಿತು. ಮೊದಲ ಸಲ ಅಲ್ಲಿಗೆ ಹೋದಾಗ ಅವಳ ಅಜ್ಜ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದರು. ಕಡಲು ಅಲ್ಲಿಂದ ಕಾಣುವುದಿಲ್ಲ. ಬಲೆ ಯಾರಿಗೆ ಅಜ್ಜಾ ಎಂದು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ, ಹಲಗೆಯ ಮೇಲೆ ಕಣ್ಣು ಅಳೆದು ಮುಂದಿನ ಗಂಟು ಹಾಕಿದರು. ದೇಶಕ್ಕಾಗಿ ಕೊಟ್ಟೆವು ಎಂದು ನಮ್ಮ ಜನ ಹೇಳುತ್ತಾರೆ, ಮನಸಾರೆ ಹೇಳುತ್ತಾರೆ. ಪರಿಹಾರದ ಹಣಕ್ಕಾಗಿ ಅವರನ್ನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಸಿದ್ದು ಮಾತ್ರ ಸರಿಯಲ್ಲ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇದನ್ನು ಕಂಡವರಾದ್ದರಿಂದಲೇ 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೆಯ ಹಂತದ ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಹೆಂಗಸರು ನೀರಿಗೇ ಇಳಿದು ನಿಂತರು. ಟ್ಯಾಗೋರ್ ತೀರದಲ್ಲಿ ಅಲೆತಡೆ ಗೋಡೆ ಬಂದರೆ ಉಳಿದಿರುವ ಒಂದೇ ಮರಳ ದಂಡೆಯೂ ಹೋಗುತ್ತದೆ ಎಂಬುದು ಅವರ ಸಂಕಟ. ಊರು ಮುಚ್ಚಿತು, ವಿಷಯ ಹೈಕೋರ್ಟಿಗೆ ಹೋಗಿ ಕೆಲಸ ನಿಂತಿತು. ಅಭಿವೃದ್ಧಿಗೆ ಅಡ್ಡ ಬರುವವರು ಎಂದು ಆಗ ಹೊರಗಿನ ಕೆಲವರು ಬರೆದರು. ಆ ತೀರ ಅವರಿಗೆ ಏನು ಎಂದು ಬರೆದವರು ನೋಡಿರಲಿಕ್ಕಿಲ್ಲ. ನಾನು ಚಿಕ್ಕವಳಿದ್ದಾಗ ಅಲ್ಲಿ ರಂಪಣಿ ಎಳೆಯುತ್ತಿದ್ದರು. ದೋಣಿ ಅರ್ಧಚಂದ್ರವಾಗಿ ಬಲೆ ಬಿಟ್ಟು ಬರುತ್ತದೆ, ಅದರ ಎರಡು ತುದಿಯ ಹಗ್ಗ ದಂಡೆಯ ಮೇಲೆ. ಎರಡು ಸಾಲು ಜನ, ಒಂದೊಂದು ಸಾಲಿಗೆ ಇಪ್ಪತ್ತು ಮೂವತ್ತು ಮಂದಿ, ಮರಳಿಗೆ ಹಿಮ್ಮಡಿ ಊರಿ, ಒಂದೇ ಕೂಗಿಗೆ ಹಿಂದಕ್ಕೆ ಬಾಗುತ್ತಾರೆ. ಎರಡು ಸಾಲೂ ನಿಧಾನ ಹತ್ತಿರವಾಗುತ್ತ ಬಂದಂತೆ ನಡುವಿನ ನೀರು ಕುದಿಯತೊಡಗುತ್ತದೆ. ಬಂಗಡೆ, ತಾರಲೆ. ಹಗ್ಗಕ್ಕೆ ಕೈ ಹಚ್ಚಿದ ಎಲ್ಲರಿಗೂ ಪಾಲು. ಹಗ್ಗದ ತುದಿ ಮುಟ್ಟಿದ ನನ್ನಂಥ ಮಕ್ಕಳಿಗೂ ಬೊಗಸೆ ತಾರಲೆ ಸಿಗುತ್ತಿತ್ತು. ಕಡಲಿನಲ್ಲೇ ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವ ಪರ್ಸೀನ್ ಬೋಟುಗಳು ಬಂದ ಮೇಲೆ ದಂಡೆಗೆ ಬರುವ ಮೀನು ಕಡಿಮೆಯಾಯಿತು, ರಂಪಣಿ ಅಪರೂಪವಾಯಿತು. ಆದರೂ ಮೀನು ಒಂದೇ ಈ ಊರಿನಲ್ಲಿ ಘಟ್ಟವನ್ನು ಕಾಯದೆ ನಡೆದುಬಂದ ವ್ಯವಹಾರ. ಮಸ್ಲಿನ್ ಹೋದಾಗಲೂ ಅದು ಇತ್ತು, ಹತ್ತಿ ಹೋದಾಗಲೂ ಇತ್ತು. ಕಾರವಾರದ ಬೆಳವಣಿಗೆಯ ಲೆಕ್ಕವನ್ನು ಟನ್ನುಗಳಲ್ಲಿ ಬರೆಯುವವರು ಈ ಬೊಗಸೆಯನ್ನು ಎಲ್ಲಿ ಹಾಕುತ್ತಾರೆ?

ಇಷ್ಟು ಹೇಳುವಾಗ ಕತ್ತಲಾಗಿತ್ತು. ಅಕ್ಕನ ಮಗಳು ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತೆತ್ತಿದಳು. 1990ರ ದಶಕದ ಕೊನೆಯಲ್ಲಿ ಮಂಜೂರಾದ ಆ ಮಾರ್ಗ ಕಾಡಿನ, ವನ್ಯಜೀವಿಗಳ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ನಮಗೆ ಉತ್ತರ ದಕ್ಷಿಣದ ದಾರಿ ಸಿಕ್ಕಿತು, ಪೂರ್ವದ ದಾರಿ ಇಲ್ಲ. ನೂರೈವತ್ತು ವರ್ಷದ ಆ ಆಸೆ ನನಗೂ ಇತ್ತು. ಆದರೆ 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದಾಗ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿಗೆ ಬಂದು ಬಿದ್ದು ಜನ ಸತ್ತಾಗ, ಆ ಆಸೆಯ ಒಳಗೆ ಒಂದು ಹೆದರಿಕೆ ಸೇರಿಕೊಂಡಿತು. ಶಿರೂರಿನ ನಂತರ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆಯೂ ಬಿದ್ದಿತು. ಅಮ್ಮನ ತವರು ಆಚೆ ದಡದ ಚಿತ್ತಾಕುಲಾ. ಸೇತುವೆ ಆಗುವ ಮುಂಚೆ ಈಚೆ ದಡದ ಕೋಡಿಬಾಗಕ್ಕೆ ದೋಣಿಯಲ್ಲಿ ದಾಟಿ ಮದುವೆಯಾಗಿ ಬಂದವರು ಅವರು. ನದಿಗೆ ಬಿದ್ದ ಲಾರಿಯ ಚಾಲಕ ಬದುಕಿದ ಎಂದು ಬೆಳಗ್ಗೆ ಫೋನಿನಲ್ಲಿ ಹೇಳಿದಾಗ ಅಮ್ಮ ಮೊದಲು ಕೈಮುಗಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಘಟ್ಟವನ್ನು ಬರೀ ಅಡ್ಡಗೋಡೆ ಎಂದು ಅಪ್ಪ ನೋಡಿದ್ದರು. ನಾನೂ ಬಹಳ ಕಾಲ ಹಾಗೆಯೇ ನೋಡಿದೆ. ಆದರೆ ಮೊದಲ ಹಡಗುಗಳನ್ನು ಇಲ್ಲಿಗೆ ಕರೆತಂದ ಮೆಣಸು ಬೆಳೆದದ್ದು ಆ ಗೋಡೆಯ ಮೈಮೇಲೇ. ಕಾಳಿಗೆ ನೀರು ಬರುವುದು ಅಲ್ಲಿಂದ. ದಾರಿ ಬೇಕು ಎಂಬುದು ಎಷ್ಟು ನಿಜವೋ ಘಟ್ಟ ಉಳಿಯಬೇಕು ಎಂಬುದೂ ಅಷ್ಟೇ ನಿಜ. ಸಿವಿಲ್ ಓದುವವಳಿಗೆ ಇದನ್ನು ಹೇಳಿದಾಗ ಅವಳು ವಾದ ಮಾಡಲಿಲ್ಲ. "ಹಳೆಯ ಬಂದರು ತೋರಿಸು" ಎಂದಳು, ಅಷ್ಟೇ.

ಮರುದಿನ ಬೆಳಗ್ಗೆ ಸುಂಕೇರಿ ದಾಟಿ ಕಡವಾಡಕ್ಕೆ ಹೋದೆವು. ಗದ್ದೆಗಳು ಕೊಯ್ಲಿಗೆ ಬಂದಿದ್ದವು. ತೆಂಗಿನ ತೋಟದ ನಡುವಿನ ಕಾಲುದಾರಿ ಹಿಡಿದು ನದಿಯ ದಡಕ್ಕೆ ಇಳಿದೆವು. ಕೋಠಿಯಿಲ್ಲ, ಕಟ್ಟೆಯಿಲ್ಲ. ನೀರಿನಂಚಿನಲ್ಲಿ ನಾಲ್ಕಾರು ಚಿರೆಕಲ್ಲುಗಳ ಒಂದು ಸಾಲು, ಪಾಚಿ ಹಿಡಿದು, ತೂತುಗಳಲ್ಲಿ ಏಡಿ ಮರಿಗಳು. ಯಾವ ಕಾಲದ್ದೋ ಹೇಳುವಂತಿರಲಿಲ್ಲ. ಅವಳು ಕೂತು ಒಂದು ಕಲ್ಲಿನ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಇಳಿತದ ನೀರಿನಲ್ಲಿ ಪಾತಿ ದೋಣಿಯಲ್ಲಿ ಬರುತ್ತಿದ್ದ ವಯಸ್ಸಾದ ಅಂಬಿಗರೊಬ್ಬರು ನಮ್ಮನ್ನು ಕಂಡು ಹುಟ್ಟು ನಿಲ್ಲಿಸಿ, ಯಾರ ಮನೆ ಹುಡುಕುತ್ತಿದ್ದೀರಿ ಎಂದು ಕೊಂಕಣಿಯಲ್ಲಿ ಕೇಳಿದರು.

"ಬಂದರು ನೋಡಲು ಬಂದೆವು, ಅಜ್ಜಾ" ಎಂದಳು ಅವಳು.

ಅವರು ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಹುಟ್ಟನ್ನು ಎತ್ತಿ, ನದಿ ಹರಿಯುವ ದಿಕ್ಕಿಗೆ ಚಾಚಿ, ದಾರಿ ತಪ್ಪಿದವರಿಗೆ ಹೇಳುವ ಹಾಗೆ ಹೇಳಿದರು: "ಬಂದರು ಇಲ್ಲಿಲ್ಲ ಮಗಾ, ಕೆಳಗೆ ಬೈತಖೋಲದಲ್ಲಿದೆ. ಇಲ್ಲಿ ಯಾವತ್ತೂ ಇರಲಿಲ್ಲ."